ಪುಸ್ತಕದಾಗ ಬರೀದ ಆರು ಚಾದರ

ಈ ಸಲ ಅಡಗಿ ಮಾತು ಬರಿಯಾಂಗಿಲ್ಲ, ಹಪ್ಪಳ-ಸಂಡಿಗಿ ಮುಂದಿನ ಸಲ ನೋಡೂಣು. ಹ್ವಾದ ವಾರ ನಮ್ಮ ಸಣ್ಣ ನಾದಿನಿ ಬಿಳಗಿಯಿಂದ ಫೋನ್ ಮಾಡಿದ್ಳು. "ವೈನಿ, ನಮ್ಮ ಹುಡುಗ ಸಭಾಪಾಲಕ ಆಗಬೇಕಂತ ತರಬೇತಿಗೆ ಹೊಂಟಾನ. ನೀವು ಮೂವತ್ತು ವರ್ಷ ಅಂಥಾ ಮನಿ ನಡಿಸೀರಿ. ಅವಗ ನಾಕು ಮಾತು ಹೇಳ್ರಿ" ಅಂದ್ಳು.

ನಾ ಏನ್ ಹೇಳ್ಲಿ? ನಾ ಓದಿದ್ದು ಪಿಯುಸಿ, ಅದೂ ಜಮಖಂಡಿಗೆ ಬಸ್ಸಿನ್ಯಾಗ ನಿಂತ್ಕೊಂಡು ಹೋಗಿ ಬಂದು. ಅವಗ ಕಲಸಾಕ ದೊಡ್ಡ ದೊಡ್ಡ ಪುಸ್ತಕ ಅದಾವು, ಓದಿದ ಗುರುಗಳು ಅದಾರ. ಆದ್ರ ಫೋನ್ ಇಟ್ಟಮ್ಯಾಲ ರೊಟ್ಟಿ ಬಡ್ಯಾಕ ಕುಂತಾಗ ಅನಿಸ್ತು, ಅವನ ಪುಸ್ತಕದಾಗ ಇರದ ಒಂದು ಸಂಗತಿ ನನ್ನ ಕಡೆ ಐತಿ ಅಂತ. ಅದು ನನ್ನ ತಪ್ಪಿನ ಸಂಗತಿ. ನಮ್ಮವ್ರನ್ನ ಕೇಳಿದ್ನಿ, "ಬರೀಲೇನ್ರಿ?" ಅಂತ. "ಬರಿ. ನನ್ನ ತಪ್ಪೂ ಬರಿ" ಅಂದ್ರು. ಅದಕ್ಕ ಬರ್ಯಾಕತ್ತೀನಿ.

ಗೊತ್ತಿಲ್ಲದವ್ರಿಗೆ ಒಂದೆರಡು ಮಾತು. ನಾವು ಇರೂದು ಬನಹಟ್ಟಿಯೊಳಗ. ರಬಕವಿ-ಬನಹಟ್ಟಿ ಅಂದ್ರ ಮಗ್ಗದ ಊರು. ಬೆಳಗಾದ್ರ ಖಟಖಟ ಸಪ್ಪಳದಾಗ ಏಳೂದು, ಕರೆಂಟ್ ಹ್ವಾದ್ರ ಊರಿಗೆ ಊರ ಒಮ್ಮೆಲೇ ಸುಮ್ಮಕಾಗೂದು. ನಮ್ಮ ಮನ್ಯಾಗೂ ಎರಡು ಪಾವರ್‌ಲೂಮ್ ಅದಾವು. ನಮ್ಮವ್ರು ಹಗಲಿ ನೇಕಾರ, ಸಂಜಿಕೆ ಮತ್ತ ರವಿವಾರ ಸಭಾಪಾಲಕ. ಸಭಾ ಅಂದ್ರ ದೊಡ್ಡ ಗೋಪುರದ ದೇವಾಲಯ ಅಲ್ಲರಿ. ಮೂವತ್ತರ ಆಸುಪಾಸು ಮನಿ, ಒಂದು ಪತ್ರಾಸಿನ ಹಾಲ್, ಎರಡು ಫ್ಯಾನ್, ಒಂದು ಡಬ್ಬಿ ಅಂದ್ರ ತಬಲಾ. ಅಷ್ಟ.

ನಮ್ಮದು ಬ್ಯಾಪ್ಟಿಸ್ಟ್ ಸಭಾ. ಓಣಿಯ ಅಕ್ಕಾರು ಕೇಳ್ತಿರ್ತಾರ, "ನಿಮ್ಮದಕ್ಕೂ ಗುಳೇದಗುಡ್ಡದ ಚರ್ಚಿಗೂ ಏನ್ ಫರಕ್ಕು?" ಅಂತ. ಗುಳೇದಗುಡ್ಡಕ್ಕ ಬಾಸೆಲ್ ಮಿಶನ್‌ದವ್ರು ಬಂದಿದ್ದು 1851ರಾಗ. ಆ ಸಭಾಗಳು ಈಗ ಸಿಎಸ್‌ಐದಾಗ ಅದಾವು, ಅವ್ರಿಗೆ ಬಿಷಪ್ ಇರ್ತಾರ. ನಮ್ಮಲ್ಲಿ ಬಿಷಪ್ ಇರಂಗಿಲ್ಲ. ಕೂಸಿಗೆ ದೀಕ್ಷಾಸ್ನಾನ ಕೊಡಂಗಿಲ್ಲ, ಬುದ್ಧಿ ಬಂದು ತಾನ ಬೇಕಂದವ್ರಿಗೆ ನೀರಾಗ ಮುಳುಗಿಸಿ ಕೊಡ್ತಾರ. ಮತ್ತ ಸಭಾದ ಮಾತು ಸಭಾದವ್ರ ಕುಂತು ತೀರ್ಮಾನ ಮಾಡಬೇಕು, ಕಾಣಿಕಿ ಲೆಕ್ಕದಿಂದ ಹಿಡಿದು ಪಾಸ್ಟರ್ ಯಾರು ಅನ್ನೂತನ. ಇದು ಚಲೋನೂ ಹೌದು, ಕಷ್ಟಾನೂ ಹೌದು. ಮ್ಯಾಲ ಹೇಳಾವ್ರಿಲ್ಲ ಅಂದ್ರ ಮ್ಯಾಲ ಕೇಳಾವ್ರೂ ಇಲ್ಲ. ಪಾಸ್ಟರ್ ದಾರಿ ತಪ್ಪಿದ್ರ ಹಿಡ್ಯಾವ್ರು ಸಭಾದವ್ರ, ಅವ್ರು ಬಿದ್ರ ಎತ್ತಾವ್ರೂ ಸಭಾದವ್ರ. ಸಭಾದವ್ರು "ಎಲ್ಲಾ ಪಾಸ್ಟರ್ ನೋಡ್ಕೋತಾರ ತಗೋ" ಅಂತ ಕೈ ಕಟ್ಟಿ ಕುಂತ್ರ ಆತು, ಎರಡೂ ಇಲ್ಲ.

ನಮ್ಮಲ್ಲಿ ಹಂಗ ಆಗಿತ್ತು. ಸಭಾದ ಕೀಲಿ ನಮ್ಮವ್ರ ಉಡದಾರದಾಗ. ಕಾಣಿಕಿ ಡಬ್ಬಿ ನಮ್ಮ ಟ್ರಂಕಿನ್ಯಾಗ. ಲೆಕ್ಕದ ಪುಸ್ತಕ ಅವ್ರ ತಲಿಯೊಳಗ, ನೆನಪಾದಾಗ ಒಂದು ನೋಟ್‌ಬುಕ್ಕಿನ್ಯಾಗ. ಯಾರಿಗರ ಜ್ವರ ಬಂದ್ರ ಅವ್ರ ಹೋಗಬೇಕು, ಗಂಡ-ಹೆಂಡ್ರ ಜಗಳಕ್ಕ ಅವ್ರ, ರೇಶನ್ ಕಾರ್ಡಿಗೆ ಅವ್ರ, ಹುಡುಗ್ರ ಫೀ ಕಟ್ಟಾಕ ಸಾಲಿ ಮಾಸ್ತರ ಮುಂದ ಕೈ ಮುಗ್ಯಾಕೂ ಅವ್ರ. ರಾತ್ರಿ ಹನ್ನೊಂದಕ್ಕ ಫೋನ್ ಬಂದ್ರೂ ಚಪ್ಪಲಿ ಮೆಟ್ಟಿ ಹೊಂಟ ಬಿಡಾವ್ರು. ಸುಳ್ಳ ಯಾಕ ಹೇಳ್ಲಿ, ನನಗ ಅದು ಹೆಮ್ಮಿ ಇತ್ತು. "ನಮ್ಮ ಪಾಸ್ಟರ್ ಇಲ್ಲದ ಒಂದು ಕಡ್ಡಿನೂ ಅಳ್ಳಾಡಂಗಿಲ್ಲ" ಅಂತ ಹೆಣ್ಮಕ್ಕಳು ಅಂದ್ರ ನನ್ನ ಸೆರಗು ಒಂದು ಗೇಣು ಉದ್ದ ಆದಂಗ ಆಗ್ತಿತ್ತು. ಮಕ್ಕಳು ಅಪ್ಪನ ಜೋಡಿ ಕುಂತು ಉಂಡದ್ದು ಯಾವಾಗ ಅಂತ ನಾ ಎಣಿಸಿರ್ಲಿಲ್ಲ.

2019ರ ಆಗಸ್ಟ್ ನಿಮಗೆಲ್ಲಾ ನೆನಪೈತಿ. ಮ್ಯಾಲ ಮಹಾರಾಷ್ಟ್ರದಾಗ ಮಳಿ, ಕೊಯ್ನಾದ ನೀರು ಬಂದು ಕೃಷ್ಣಾ ಏರಿದ್ಳು. ಹಿಡಕಲ್ ಡ್ಯಾಮಿನ ನೀರು ಬಿಟ್ಟಕೂಡ್ಲೆ ಘಟಪ್ರಭಾ ಏರಿದ್ಳು. ಅತ್ತ ಮಲಪ್ರಭಾನೂ ತುಂಬಿದ್ಳು. ಜಮಖಂಡಿ ಕಡೆ ಮುತ್ತೂರು, ಶೂರ್ಪಾಲಿಯವ್ರು ದನಕರ ಹೊಡಕೊಂಡು ಹೊರಗ ಬಂದ್ರು, ಮುಧೋಳ ಕಡೆ ಹೊಳಿ ದಂಡಿ ಮನಿಗೋಳು ಗ್ವಾಡಿ ಸಮೇತ ಕುಂತ್ವು. ಊರೂರಾಗ ರೊಟ್ಟಿ ಬಡದು, ಚಟ್ನಿ ಕುಟ್ಟಿ ಕಳಿಸಿದ್ವಿ. ಯಾವ ಜಾತಿ, ಯಾವ ದೇವ್ರು ಅಂತ ಯಾರೂ ಕೇಳ್ಲಿಲ್ಲ. ನಮ್ಮ ಪತ್ರಾಸಿನ ಹಾಲಿನ್ಯಾಗೂ ಹತ್ತು ಒಲಿ ಹತ್ತಿದ್ವು.

ಬೆಂಗಳೂರು ಕಡೆಯಿಂದ ಗೊತ್ತಿದ್ದ ಸಭಾದವ್ರು ಅಕ್ಕಿ, ಎಣ್ಣಿ, ಮತ್ತ 120 ಚಾದರ ಕಳಿಸಿದ್ರು. ಲಾರಿ ಬಂದಾಗ ನಮ್ಮವ್ರು ನೀರಿನ್ಯಾಗ ಎಲ್ಲೋ ಇದ್ರು. ಇಳಿಸ್ಕೊಂಡಾಕಿ ನಾನು. ಯಾರಿಗೆ ಎಷ್ಟು ಅಂತ ಪಟ್ಟಿ ನಮ್ಮವ್ರು ಆಮ್ಯಾಲ ಬರದ್ರು, ಆ ಪಟ್ಟಿಯಂಗ ಹಂಚಿದ್ವಿ. ಆದ್ರ ಪಟ್ಟಿ ಬರಿಯೂಕಿಂತ ಮೊದಲ, ಆ ರಾತ್ರಿನ, ನಾ ಆರು ಚಾದರ ತಗದಿದ್ನಿ. ನಾಕು ನಮ್ಮ ಹಿಂದಿನ ಓಣಿಯ ಎರಡು ಮನಿಗೆ. ಅವ್ರು ನಮ್ಮ ಸಭಾದವ್ರಲ್ಲ, ಹೊಳಿ ನೀರಿನವ್ರೂ ಅಲ್ಲ, ಮಳಿಗೆ ಮನಿ ಸೋರಿ ಹಸಿಗೂಸು ಇಟ್ಕೊಂಡು ಕುಂತಿದ್ರು. ಉಳಿದ ಎರಡು ನಮ್ಮ ಅಕ್ಕಗ. ಅಕ್ಕನ ಮನಿ ಮುಧೋಳ ತಾಲೂಕಿನ್ಯಾಗ, ಘಟಪ್ರಭಾ ದಂಡಿ ಮ್ಯಾಲ. ಆಕಿ ಮನಿಗೆ ಎದಿಮಟ ನೀರು ಹೊಕ್ಕಿತ್ತು. ಖರೇ ಹೇಳಬೇಕಂದ್ರ ಆರಕ್ಕ ಆರೂ ನ್ಯಾಯವಾಗಿ ಹೋಗಬೇಕಾದಲ್ಲೇ ಹೋಗಿದ್ವು. ಆದ್ರ ನಾ ಬರೀಲಿಲ್ಲ. "ಪಾಸ್ಟರಮ್ಮ ಮದಲ ತನ್ನ ಅಕ್ಕಗ ಕೊಟ್ಳು" ಅಂತಾರ ಅಂತ ಹೆದರಿಕಿ. ನಮ್ಮವ್ರಿಗೂ ಹೇಳ್ಲಿಲ್ಲ.

ನೀರು ಇಳೀತು. ದಸರಾ ಮುಗಿದಮ್ಯಾಲ ಒಂದು ರವಿವಾರ ಒಬ್ಬ ಅಣ್ಣಾರು ಎದ್ದು ನಿಂತು ಕೇಳಿದ್ರು, "ಪಾಸ್ಟರ್, ಬಂದ ಚಾದರ 120. ಪಟ್ಟಿಯೊಳಗ 114 ಐತಿ. ಉಳಿದ ಆರು ಎಲ್ಲಿ?"

ಹಾಲ್ ಸುಮ್ಮಕಾತು. ನಮ್ಮವ್ರು, "ಎಣಿಸೂದ್ರಾಗ ತಪ್ಪಿರಬೇಕು" ಅಂದ್ರು. ಅವ್ರಿಗೆ ಗೊತ್ತಿಲ್ಲದ್ದು ಅವ್ರು ಹೇಳಿದ್ರು. ಹೆಣ್ಮಕ್ಕಳ ಸಾಲಿನ್ಯಾಗ ಮುಂದ ಕುಂತಾಕಿ ನಾನು. ನನ್ನ ಬಾಯಿ ಬರ್ಲಿಲ್ಲ. ಇವತ್ತ ಹೇಳೂಣು, ನಾಳೆ ಹೇಳೂಣು ಅಂತ ಎರಡು ತಿಂಗಳು ಹ್ವಾದ್ವು. ಅಷ್ಟರಾಗ ಆರು ಚಾದರ ಊರ ಬಾಯಾಗ ಅರವತ್ತಾದ್ವು. "ಎಣ್ಣಿ ಡಬ್ಬಿನೂ ಕಡಿಮಿ ಇದ್ವಂತ" ಅಂದ್ರು, "ಮಗಳ ಲಗ್ನಕ್ಕ ಇಟ್ಕೊಂಡಾರಂತ" ಅಂದ್ರು. ನಮ್ಮವ್ರು ಉಣ್ಣೂದು ಬಿಟ್ರು. ರಾತ್ರಿ ಎದ್ದು ನೋಟ್‌ಬುಕ್ ತಗದು ಮತ್ತ ಮತ್ತ ಕೂಡಿಸಾವ್ರು. ಸಕ್ಕರಿ ಕಾಯಿಲೆ ಮದಲ ಇತ್ತು, ಗುಳಿಗಿ ತಗೊಳೂದೂ ಮರತ್ರು. ಡಿಸೆಂಬರಿನ ಒಂದು ರವಿವಾರ ಪ್ರಸಂಗ ಹೇಳಾಕತ್ತವ್ರು ಹಂಗ ಕುಸದು ಬಿದ್ರು. ಆಸ್ಪತ್ರಿಯೊಳಗ ಸಲಾಯಿನ್ ಹಚ್ಚಿದಾಗ ನಾ ಕಾಲ ಬುಡಕ ಕುಂತು ಅತ್ತಿದ್ನಿ. ಎಲ್ಲಾರೂ "ಪಾಪ, ಗಂಡನ ಸಲುವಾಗಿ ಅಳ್ತಾಳ" ಅಂದ್ರು. ನಾ ನನ್ನ ಸಲುವಾಗಿ ಅಳ್ತಿದ್ನಿ.

ಅದ ಹೊತ್ತಿನ್ಯಾಗ ಜಮಖಂಡಿಯೊಳಗ ಮೂರು ದಿನದ ತರಬೇತಿ ಅಂತ ಕರಿ ಬಂತು. 2020ರ ಜನವರಿ. ಜಮಖಂಡಿ, ಮುಧೋಳ, ಬಿಳಗಿ, ರಬಕವಿ-ಬನಹಟ್ಟಿ, ಈ ನಾಕೂ ಕಡೆಯ ಸಣ್ಣ ಸಣ್ಣ ಸಭಾದ ಪಾಸ್ಟರುಗಳು, ಹಿರಿಯರು ಬರಬೇಕು ಅಂತ. ನಮ್ಮವ್ರು ಒಲ್ಲೆ ಅಂದ್ರು. "ಈ ವಯಸ್ಸಿನ್ಯಾಗ ನನಗೇನ್ ಕಲಸ್ತಾರ?" ಅಂದ್ರು. ನಾನ ಒತ್ತಾಯ ಮಾಡಿ ಕರಕೊಂಡು ಹೋದ್ನಿ. ಅವ್ರು ಹುಡುಗ ಇದ್ದಾಗ ಆರು ತಿಂಗಳು ಎಲ್ಲೋ ಬೈಬಲ್ ಕಲತದ್ದು ಬಿಟ್ರ, ಸಭಾ ಹೆಂಗ ನಡಿಸಬೇಕು ಅಂತ ಯಾರೂ ಕಲಿಸಿರ್ಲಿಲ್ಲ.

ಕಲಸೂದು ಹೊಸಾ ಮಾತೇನಲ್ಲರಿ. ನಮ್ಮ ಜಿಲ್ಲಾದಾಗನ, ಬಾದಾಮಿ ಹತ್ರ ಮಲಪ್ರಭಾ ದಂಡಿ ಮ್ಯಾಲ ಹಾನಗಲ್ ಕುಮಾರ ಸ್ವಾಮಿಗೋಳು 1909ರಾಗ ಶಿವಯೋಗಮಂದಿರ ಕಟ್ಟಿದ್ದು ಎದಕ್ಕ? ಮಠಕ್ಕ ಹೋಗೂ ಸಣ್ಣ ವಟುಗೋಳಿಗೆ ವಿದ್ಯಾ, ಶಿಸ್ತು ಎರಡೂ ಬರ್ಲಿ ಅಂತ. ಬಾಸೆಲ್ ಮಿಶನ್‌ದವ್ರು ಮಂಗಳೂರಾಗ 1847ರಾಗನ ಉಪದೇಶಕರಿಗೆ ಶಾಲಿ ತಗದಿದ್ರು. ಗುರು ಆಗಾವ ಹುಟ್ಟತ್ಲೆ ಗುರು ಆಗಿರಂಗಿಲ್ಲ. ಮಗ್ಗಕ್ಕ ಕುಂದ್ರಾವಗೂ ಮದಲ ಕಂಡಿಕಿ ಸುತ್ತಾಕ ಕಲಸ್ತೀವಲ್ಲ, ಹಂಗ.

ಹೋದ ಮದಲನೇ ದಿನ ನಾವು ಹೆಣ್ಮಕ್ಕಳು ಸೀದಾ ಅಡಗಿ ಮನಿಗೆ ಹೊಂಟ್ವಿ. ನಮ್ಮ ಜಾಗಾ ಅದ ಅಂತ ನಮಗ ಗೊತ್ತು. ಅಷ್ಟರಾಗ ಕಲಸಾಕ ಬಂದಿದ್ದ ಒಬ್ಬ ಅಕ್ಕಾರು, ಮದಲ ನರ್ಸ್ ಆಗಿದ್ದವ್ರು, ಬಾಗ್ಲಕ ಬಂದು, "ಅಡಗಿಗೆ ಭಟ್ರನ್ನ ಹೇಳೀವಿ. ನೀವು ಒಳಗ ಬಂದು ಕುಂದ್ರಿ. ನಿಮ್ಮನ್ನ ಬಿಟ್ಟು ಈ ಪಾಠ ಆಗಂಗಿಲ್ಲ" ಅಂದ್ರು. ನಾವು ಒಬ್ಬರ ಮಾರಿ ಒಬ್ರು ನೋಡ್ಕೊಂಡು ಹಿಂದಿನ ಸಾಲಿನ್ಯಾಗ ಸೆರಗು ಹೊತ್ಕೊಂಡು ಕುಂತ್ವಿ.

ಆ ಮೂರು ದಿನದಾಗ ಕೇಳಿದ್ದು ಭಾಳ ಐತಿ. ನನಗ ಉಳಿದದ್ದು ಮೂರು ಕತಿ. ಅಳಿಯಾ, ನೀ ಓದ್ತಿದ್ದಿ ಅಂದ್ರ ಇಲ್ಲಿ ಚಿತ್ತ ಇಟ್ಟು ಓದು.

ಒಂದನೇದು ಮೋಶೆಯ ಮಾವನದು. ಲಕ್ಷಗಟ್ಟಲೆ ಜನ ಐಗುಪ್ತದಿಂದ ಹೊಂಟಾರ, ಎಲ್ಲಾರ ಜಗಳಾನೂ ಮೋಶೆ ಒಬ್ಬನ ಮುಂಜಾನಿಂದ ಸಂಜಿತನ ಕುಂತು ಬಿಡಸ್ತಾನ. ಮಗಳು-ಮೊಮ್ಮಕ್ಕಳನ್ನ ಕರಕೊಂಡು ಬಂದ ಮಾವ ಅದನ್ನ ಒಂದು ದಿನ ನೋಡ್ತಾನ. ಶಾಬಾಸ್ ಅಳಿಯಾ ಅಂತಾನೇನು? ಇಲ್ಲ. ನೀ ಮಾಡೂದು ಬರೋಬ್ಬರಿ ಅಲ್ಲ, ನೀನೂ ದಣೀತಿ, ಜನಾನೂ ದಣೀತಾರ ಅಂತ ಮಾರಿಗೆ ಹೇಳ್ತಾನ. ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ಅಂತ ನಂಬಿಗಸ್ತರನ್ನ ಆರಿಸು, ಲಂಚ ತಿನ್ನದವ್ರು ಇರ್ಲಿ, ಸಣ್ಣ ಮಾತು ಅವ್ರು ನೋಡ್ಲಿ ಅಂತಾನ. ವಿಮೋಚನಕಾಂಡ ಹದಿನೆಂಟನೇ ಅಧ್ಯಾಯ. ನಾ ಅದನ್ನ ನೂರು ಸಲ ಓದಿರಬೇಕು, ಆದ್ರ ಮಾವ ಒಬ್ಬ ಮನಿಯವ ಅನ್ನೂದು ಲಕ್ಷ್ಯಕ್ಕ ಬಂದಿರ್ಲಿಲ್ಲ. ಹೊರಗಿನವ್ರು ಹೊಗಳ್ತಿದ್ರು, ಮನಿ ಮನಶಾ ಬಂದು ಹೇಳಬೇಕಾತು. ನಾ ಮನಿಯಾಕಿ ಆಗಿ ಹೊರಗಿನವ್ರ ಜೋಡಿ ಕೂಡಿ ಹೊಗಳಿದ್ನಿ.

ಎರಡನೇದು ಎಲೀಯ ಪ್ರವಾದಿದು. ದೊಡ್ಡ ಕೆಲಸ ಮಾಡಿ ಮುಗಿಸ್ಯಾನ, ಆದ್ರೂ ಜೀವಕ್ಕ ಹೆದರಿ ಅಡವಿಗೆ ಓಡಿ ಗಿಡದ ಬುಡಕ ಬಿದ್ದು, ಸಾಕಪ್ಪ, ನನ್ನ ಜೀವ ತಗೋ ಅಂತಾನ. ಆಗ ದೇವದೂತ ಬಂದು ಏನ್ ಮಾಡಿದ? ಪ್ರಸಂಗ ಹೇಳ್ಲಿಲ್ಲ, ಬೈಲಿಲ್ಲ. ಕೆಂಡದ ಮ್ಯಾಲ ಸುಟ್ಟ ರೊಟ್ಟಿ, ಒಂದು ತಂಬಗಿ ನೀರು ಕೊಟ್ಟ. ತಿಂದು ಮಲಗಿದ. ಮತ್ತ ಎಬ್ಬಿಸಿ ಮತ್ತ ಉಣ್ಣಾಕ ಹಾಕಿದ. ಆಮ್ಯಾಲ ಮುಂದಿನ ಮಾತು. ನರ್ಸ್ ಅಕ್ಕಾರು ಇದನ್ನ ಹೇಳಿ, "ಮದಲ ನಿದ್ದಿ, ರೊಟ್ಟಿ, ಗುಳಿಗಿ. ಆಮ್ಯಾಲ ಸೇವಾ" ಅಂದ್ರು. ಅಲ್ಲೇ ಎಲ್ಲಾ ಪಾಸ್ಟರುಗಳ ಬಿಪಿ, ಶುಗರ್ ನೋಡಿದ್ರು. ಭಾಳ ಮಂದಿದು ಏರಿತ್ತು. ನಮ್ಮವ್ರದಂತೂ ಕೇಳಬ್ಯಾಡ್ರಿ.

ಮೂರನೇದು ಕೇಳಿ ನನಗ ಆ ರಾತ್ರಿ ನಿದ್ದಿ ಬರ್ಲಿಲ್ಲ. ನಮ್ಮ ಬ್ಯಾಪ್ಟಿಸ್ಟರಾಗ ವಿಲಿಯಂ ಕೇರಿ ಅಂದ್ರ ದೊಡ್ಡ ಹೆಸರು. ಇಂಗ್ಲೆಂಡಿನ್ಯಾಗ ಬೂಟು ಹೊಲೀತಿದ್ದ ಮನಶಾ, 1793ರಾಗ ಬಂಗಾಲಕ್ಕ ಬಂದ. ಸೀರಾಂಪುರದಾಗ ಅಚ್ಚಿನ ಮನಿ ನಡಿಸಿದ್ರು, ಎಷ್ಟೋ ಭಾಷಾದಾಗ ಬೈಬಲ್ ತಂದ್ರು. ನಮ್ಮ ಕನ್ನಡದ್ದೂ ಒಂದು ವ್ಯಾಕರಣ ಬರದು 1817ರಾಗ ಅಚ್ಚು ಹಾಕಿಸಿದ. ಮರುವರ್ಷ 1818ರಾಗ ಸೀರಾಂಪುರ ಕಾಲೇಜು ತಗದ್ರು. ಇದೆಲ್ಲಾ ನಾ ಮದಲ ಕೇಳಿದ್ದು. ಕೇಳದ್ದು ಅವನ ಹೆಂಡತಿ ಮಾತು.

ಆಕಿ ಹೆಸರು ಡೊರೊಥಿ. ಹಡಗ ಹತ್ತಾಕ ಮದಲ ಒಲ್ಲೆ ಅಂದಿದ್ಳು, ಕೈಯಾಗ ಹಸಿಗೂಸು. ಕಡೀಕ ತನ್ನ ತಂಗಿ ಜೋಡಿ ಬರ್ತಾಳ ಅಂದಮ್ಯಾಲ ಹೊಂಟ್ಳು. ಬಂದ ಮರುವರ್ಷನ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಆಕಿ ಚಿತ್ತ ಕೆಟ್ಟಿತು, ಮತ್ತ ನೆಟ್ಟಗಾಗ್ಲಿಲ್ಲ. ಒಂದು ಖೋಲ್ಯಾಗ ಇಟ್ಟು ಕಾಯಬೇಕಾತು. ಈ ಕಡೆ ಖೋಲ್ಯಾಗ ಗಂಡ ಪುಸ್ತಕ ಬರಿಯಾವ, ಆ ಕಡೆ ಖೋಲ್ಯಾಗ ಆಕಿ ಒದರಾಕಿ. 1807ರಾಗ ತೀರಿಕೊಂಡ್ಳು. ಕೇರಿ ಕೆಟ್ಟ ಮನಶಾ ಅಲ್ಲ, ಆಕಿನ ಹೊರಗ ಹಾಕ್ಲಿಲ್ಲ, ಕಡೀತನ ನೋಡ್ಕೊಂಡ. ಆದ್ರ ಆಕಿ ಮನಸ್ಸಿನ್ಯಾಗ ಏನೈತಿ ಅಂತ ಹೊತ್ತಿಗೆ ಕೇಳಾವ್ರು ಯಾರಿದ್ರು? ದೊಡ್ಡ ಸೇವಾದ ಬಾಜು ಖೋಲ್ಯಾಗ ಒಬ್ಬಾಕಿ ಹೆಣ್ಮಗಳು. ಇದನ್ನ ಕೇಳಿದಾಗ ಹಿಂದಿನ ಸಾಲಿನ್ಯಾಗ ಒಬ್ಬಾಕಿನೂ ಅಳ್ಳಾಡ್ಲಿಲ್ಲ.

ಆಮ್ಯಾಲ ಅದ ಸೀರಾಂಪುರದ ಇನ್ನೊಂದು ಮಗ್ಗಲಾ ಹೇಳಿದ್ರು. 1800ರಾಗ ಅಲ್ಲಿ ಕೇರಿ, ಮಾರ್ಷ್‌ಮನ್, ವಾರ್ಡ್ ಅಂತ ಅವ್ರ ಕುಟುಂಬಗೋಳು ಒಂದ ಮನ್ಯಾಗ ಒಂದ ಪಂಕ್ತಿಯೊಳಗ ಉಂಡ್ಕೊಂಡು ಇದ್ವು. ಗಳಿಸಿದ್ದು ಎಲ್ಲಾ ಒಂದ ಗಂಟು. ಮನಿ ಕಾರಭಾರ ಒಂದೊಂದು ತಿಂಗಳು ಒಬ್ಬೊಬ್ರು. ಪ್ರಸಂಗ ಪಾಳೀಲೆ. ಕೇರಿ ಕಡೆ ರೊಕ್ಕದ ಲೆಕ್ಕ ಮತ್ತ ಔಷಧದ ಪೆಟಗಿ. ಮಾರ್ಷ್‌ಮನ್‌ನ ಹೆಂಡತಿ ಹ್ಯಾನಾ ಶಾಲಿ ನಡಸ್ತಿದ್ಳು, ಆ ಗಳಿಕಿನೂ ಅದ ಗಂಟಿಗೆ. ಮತ್ತ ಪ್ರತಿ ಶನಿವಾರ ಸಂಜಿಕೆ ಎಲ್ಲಾರೂ ಕೂಡಿ ಕುಂದ್ರಾವ್ರು. ವಾರದಾಗ ಯಾರ ಮ್ಯಾಲ ಯಾರಿಗೆ ಸಿಟ್ಟು, ಯಾವ ಮಾತು ಚುಚ್ಚೈತಿ, ಅದನ್ನ ಅಲ್ಲೇ ಮಾತಾಡಿ ಬಗಿಹರಿಸ್ಕೊಂಡು, ಮತ್ತ ಪ್ರೀತಿಲೆ ಇರ್ತೀವಿ ಅಂತ ಮಾತು ಕೊಟ್ಕೊಂಡು ಏಳಾವ್ರು. 1805ರಾಗ ತಾವು ಹೆಂಗ ನಡಕೊಬೇಕು ಅನ್ನೂದನ್ನ ಕರಾರಿನಂಗ ಬರದು, ವರ್ಷಕ್ಕ ಮೂರು ಸಲ ಎಲ್ಲಾರ ಮುಂದ ಓದಬೇಕು ಅಂತ ಮಾಡಿದ್ರು.

ಶನಿವಾರದ ಮಾತು ನನ್ನ ಎದಿಯೊಳಗ ಮುಳ್ಳು ಮುರದಂಗ ಕುಂತಿತು.

ಎರಡನೇ ದಿನ ಮಧ್ಯಾಹ್ನ ಅಕ್ಕಾರು ಎಲ್ಲಾರಿಗೂ ಒಂದೊಂದು ಹಾಳಿ ಕೊಟ್ರು. ಮೂರು ಪ್ರಶ್ನಿ. ಹೋದ ವಾರ ಮನಿ ಮಂದಿ ಎಲ್ಲಾ ಕೂಡಿ ಎಷ್ಟು ಸಲ ಉಂಡ್ರಿ? ನೀವು ಒಂದು ತಿಂಗಳು ಹಾಸಿಗಿ ಹಿಡದ್ರ ಸಭಾದ ಯಾವ್ಯಾವ ಕೆಲಸ ನಿಲ್ತಾವು? ಸಭಾದ್ದು, ನಿಮಗೊಬ್ಬರಿಗೆ ಅಷ್ಟ ಗೊತ್ತಿರೂ ಸಂಗತಿ ಏನೈತಿ? ಗಂಡಸ್ರು ಬೇರೆ, ಹೆಣ್ಮಕ್ಕಳು ಬೇರೆ ಬರಿಬೇಕು. ಮದಲನೇದಕ್ಕ ನಾ "ಇಲ್ಲ" ಅಂತ ಬರದ್ನಿ. ಎರಡನೇದಕ್ಕ "ಎಲ್ಲಾ" ಅಂತ ಬರದ್ನಿ. ಮೂರನೇದಕ್ಕ ಪೆನ್ನು ಸಾಗ್ಲಿಲ್ಲ. ಮೂವತ್ತು ಮಂದಿ ಹಾಳಿ ಕೊಟ್ಟು ಚಾ ಕುಡ್ಯಾಕ ಹ್ವಾದ್ರು, ನಾ ಕುಂತ ಇದ್ನಿ.

ಆ ರಾತ್ರಿ ಹಾಲಿನ ಮೆಟ್ಟಲ ಮ್ಯಾಲ ನಮ್ಮವ್ರು ಒಬ್ರ ಕುಂತಿದ್ರು. ನಾ ಹೋಗಿ ಬಾಜು ಕುಂತು, "ರೀ, ಆ ಆರು ಚಾದರ ನಾ ಕೊಟ್ಟೀನಿ" ಅಂದ್ನಿ. ಯಾರಿಗೆ, ಯಾಕ ಅಂತ ಎಲ್ಲಾ ಹೇಳಿದ್ನಿ. ಅವ್ರು ಭಾಳ ಹೊತ್ತು ಮಾತಾಡ್ಲಿಲ್ಲ. ಬೈತಾರ ಅಂತ ಕಾದ್ನಿ. ಕಡೀಕ ಒಂದ ಮಾತು ಕೇಳಿದ್ರು, "ನನಗ್ಯಾಕ ಹೇಳ್ಲಿಲ್ಲ?"

"ನೀವು ಮನ್ಯಾಗ ಇದ್ರೆಲ್ಲಿ ಹೇಳಾಕ?" ಅಂದ್ನಿ. ಅದು ಪೂರಾ ಖರೇ ಅಲ್ಲ, ಹೆದರಿಕಿನೂ ಇತ್ತು. ಆದ್ರ ಅರ್ಧಾ ಖರೇ ಇತ್ತು. ಅವ್ರು ಕಣ್ಣು ಒರಸ್ಕೊಂಡ್ರು. "ಆ ನೋಟ್‌ಬುಕ್ ನಾ ಯಾರಿಗೂ ತೋರಿಸಿರ್ಲಿಲ್ಲ. ತೋರಿಸಿದ್ದ್ರ ಮಂದಿ ಬಾಯಿ ಇಷ್ಟು ಬೆಳೀತಿದ್ದಿಲ್ಲ. ಅದು ನನ್ನ ತಪ್ಪು" ಅಂದ್ರು. ಇಬ್ರೂ ತಂಡಿಯೊಳಗ ಹನ್ನೆರಡರತನ ಕುಂತಿದ್ವಿ. ಅದು ನಮ್ಮ ಮದಲನೇ ಶನಿವಾರ ಸಂಜಿ ಅನ್ರಿ. ಅವತ್ತು ವಾರ ಬ್ಯಾರೆ ಇತ್ತು.

ಮುಂದಿನ ರವಿವಾರ ಆರಾಧನಾ ಮುಗಿದಮ್ಯಾಲ ನಾ ಎದ್ದು ನಿಂತ್ನಿ. ನಮ್ಮವ್ರು "ನಾ ಹೇಳ್ತೀನಿ" ಅಂದ್ರೂ ಒಲ್ಲೆ ಅಂದ್ನಿ. ಕಾಲು ಥರಥರ ನಡಗ್ತಿದ್ವು. ಆರೂ ಚಾದರ ಎಲ್ಲೆಲ್ಲಿ ಹ್ವಾದ್ವು ಅಂತ ಹೇಳಿ, "ಕೊಟ್ಟದ್ದು ತಪ್ಪಲ್ಲ ಅಂತ ಅನ್ಕೊಂಡೀನಿ. ಬರೀದ ಮುಚ್ಚಿಟ್ಟದ್ದು ತಪ್ಪು. ಪಾಸ್ಟರಿಗೆ ಗೊತ್ತಿರ್ಲಿಲ್ಲ" ಅಂದ್ನಿ. ಒಬ್ಬಾಕಿ ಮುದುಕಿ ಅಮ್ಮ ಎದ್ದು ಬಂದು ನನ್ನ ಕೈ ಹಿಡಕೊಂಡ್ಳು. ಒಂದು ಮನಿಯವ್ರು ಅಲ್ಲಿಂದ ಎದ್ದು ಹ್ವಾದವ್ರು ಮತ್ತ ಸಭಾಕ್ಕ ಬರ್ಲಿಲ್ಲ. ಈಗೂ ಬಜಾರಿನ್ಯಾಗ ಸಿಕ್ರ ಮಾರಿ ತಿರುವ್ತಾರ. ಅದನ್ನ ನಾ ಉಣ್ಣಬೇಕು, ಉಣ್ತೀನಿ.

ಮತ್ತ ಆ ಅಣ್ಣಾರು, ಮದಲ ಲೆಕ್ಕ ಕೇಳಿದವ್ರು? ಅವ್ರನ್ನ ನಾವು ಎರಡು ತಿಂಗಳು ವೈರಿ ಅಂತ ತಿಳಕೊಂಡಿದ್ವಿ. ಖರೇ ಅಂದ್ರ ಸಭಾದಾಗ ತನ್ನ ಕೆಲಸ ಮಾಡಿದವ್ರು ಅವ್ರೊಬ್ರ. ಕೇಳಬೇಕಾದಲ್ಲಿ, ಎಲ್ಲಾರ ಮುಂದ, ನೆಟ್ಟಗ ಕೇಳಿದ್ರು. ಬೆನ್ನ ಹಿಂದ ಅಂದವ್ರು ಬ್ಯಾರೆ ಮಂದಿ. ಸಭಾ ಕೂಡಿ ಕುಂತು ಲೆಕ್ಕದ ಪುಸ್ತಕ ಅವ್ರ ಕೈಯಾಗ ಕೊಟ್ಟಿತು.

ಅವತ್ತು ಇನ್ನೂ ಕೆಲವು ಮಾತು ತೀರ್ಮಾನ ಆದ್ವು. ಕಾಣಿಕಿ ಡಬ್ಬಿಗೆ ಎರಡು ಕೀಲಿ, ಇಬ್ಬರ ಮನ್ಯಾಗ, ಎರಡೂ ನಮ್ಮ ಮನ್ಯಾಗ ಅಲ್ಲ. ಎಣಿಸುವಾಗ ಮೂರು ಮಂದಿ, ಒಬ್ಬಾಕಿ ಹೆಣ್ಮಗಳು ಇರಾಕ ಬೇಕು. ತಿಂಗಳ ಮದಲನೇ ರವಿವಾರ ಲೆಕ್ಕ ಗಟ್ಟಿಯಾಗಿ ಓದೂದು. ಬ್ಯಾನಿ ಬಿದ್ದವ್ರನ್ನ ನೋಡಾಕ ಐದು ಮಂದಿ ಹೆಣ್ಮಕ್ಕಳ ಪಾಳಿ. ಇದೂ ಬೈಬಲ್ಲಿನ್ಯಾಗ ಇದ್ದದ್ದ. ಯೆರೂಸಲೇಮಿನ ಮದಲನೇ ಸಭಾದಾಗ ವಿಧವೆಯರಿಗೆ ಊಟ ಬರೋಬ್ಬರಿ ಮುಟ್ಟವಲ್ದು ಅಂತ ತಕರಾರು ಬಂದಾಗ ಏಳು ಮಂದಿನ ಆರಿಸಿದ್ರು. ಜಗಳ ಅವತ್ತೂ ಹಂಚೂದ್ರಾಗನ ಹುಟ್ಟಿತ್ತು, ಇವತ್ತೂ ಹಂಚೂದ್ರಾಗನ ಹುಟ್ಟತೈತಿ. ಮತ್ತ ಸೋಮವಾರ ಸಂಜಿ ಐದರ ಮ್ಯಾಲ ಪಾಸ್ಟರ್ ಫೋನ್ ಪಾಸ್ಟರಮ್ಮನ ಕಡೆ. ಇದನ್ನ ಸಭಾದವ್ರ ಹೇಳಿದ್ರು, ನಾ ಕೇಳಿರ್ಲಿಲ್ಲ.

ಎರಡು ತಿಂಗಳು ಆಗಿರಬೇಕು, ಮಾರ್ಚಿನ್ಯಾಗ ಲಾಕ್‌ಡೌನ್ ಬಂತು. ಬನಹಟ್ಟಿಯೊಳಗ ಮಗ್ಗದ ಸಪ್ಪಳ ನಿಂತಿತು. ಕರೆಂಟ್ ಇದ್ದೂ ಮಗ್ಗ ಸುಮ್ಮಕಿದ್ದದ್ದು ನಾ ಹುಟ್ಟಿದಾಗಿಂದ ಕೇಳಿರ್ಲಿಲ್ಲ. ದಿನಾ ಕೂಲಿ ಮ್ಯಾಲ ಇರೂ ಮನಿಗೋಳು, ಏನ್ ಉಂಡಾವು? ಮತ್ತ ಅಕ್ಕಿ ಬಂತು, ಬ್ಯಾಳಿ ಬಂತು, ಎಣ್ಣಿ ಬಂತು. ಈ ಸಲ ಲಾರಿ ಇಳಿಸ್ಕೊಂಡಾಗ ಮೂರು ಮಂದಿ ನಿಂತಿದ್ವಿ, ಪುಸ್ತಕ ಕೈಯಾಗ ಇತ್ತು. ಪಟ್ಟಿ ಮಾಡಿದವ್ರು ಐದೂ ಹೆಣ್ಮಕ್ಕಳು. ಯಾರ ಮನ್ಯಾಗ ಹಿಟ್ಟಿನ ಡಬ್ಬಿ ಖಾಲಿ ಐತಿ ಅಂತ ಹೆಣ್ಮಕ್ಕಳಿಗೆ ಗೊತ್ತಿದ್ದಂಗ ಪಾಸ್ಟರಿಗೆ ಗೊತ್ತಿರಂಗಿಲ್ಲ. ಪಟ್ಟಿಯೊಳಗ ಸಭಾದವ್ರಲ್ಲದ ಓಣಿ ಮಂದಿನೂ ಇದ್ರು, ಈ ಸಲ ಹೆಸರು ಸಮೇತ, ಎಲ್ಲಾರೂ ಒಪ್ಪಿ. ಅಕ್ಕಿ ಕೊಡುವಾಗ "ನಮ್ಮ ಸಭಾಕ್ಕ ಬರ್ರಿ" ಅನ್ನಬಾರದು ಅಂತ ಮದಲ ತೀರ್ಮಾನ ಮಾಡಿದ್ವಿ. ಹಸದವ್ರ ಕೈಗೆ ಅನ್ನ ಕೊಟ್ಟು ಮತ್ತೊಂದು ಕೈಲೆ ಏನೂ ಕೇಳಬಾರದು.

ನಡುವ ನಮ್ಮವ್ರಿಗೆ ಜ್ವರ ಬಂದು ಹದಿನೈದು ದಿನ ಖೋಲ್ಯಾಗ ಇದ್ರು. ಸಭಾದ ಒಂದು ಕೆಲಸಾನೂ ನಿಲ್ಲಲಿಲ್ಲ. ಖೋಲಿ ಬಾಗ್ಲಾದಾಗ ನಿಂತು ನಾ ಅದನ್ನ ಹೇಳಿದಾಗ ಅವ್ರು ನಕ್ಕು, "ಹಂಗಾರ ನಾ ಎದಕ್ಕ ಇದ್ದೀನಿ?" ಅಂದ್ರು. "ಗುಳಿಗಿ ತಗೊಳಾಕ" ಅಂದ್ನಿ. ಅವತ್ತು ಅಪ್ಪ-ಮಗಳು ಬಾಗ್ಲದ ಈ ಕಡೆ ಆ ಕಡೆ ಕುಂತು ಕೂಡಿ ಉಂಡ್ರು.

ಬೆಂಗಳೂರಿನ ಹೆಬ್ಬಾಳದಾಗ 1973ರಿಂದ ಬ್ಯಾಪ್ಟಿಸ್ಟ್ ಆಸ್ಪತ್ರಿ ಐತಿ. ಅದನ್ನ ನೋಡಿ ಮಂದಿ ಸೇವಾ ಅಂದ್ರ ಹಂಗ ದೊಡ್ಡ ಕಟ್ಟಡ ಅಂತಾರ. ಅದೂ ಬೇಕು. ಆದ್ರ ಎರಡು ಕೀಲಿಯ ಡಬ್ಬಿ, ಐದು ಹೆಣ್ಮಕ್ಕಳ ಪಾಳಿ, ಗಟ್ಟಿಯಾಗಿ ಓದಿದ ಲೆಕ್ಕ, ಇದೂ ಸೇವಾನ.

ಈಗ ಅಳಿಯಾ, ನಿನಗ. ಮೋಶೆ, ಎಲೀಯ, ಕೇರಿ ಬಗ್ಗೆ ನಿನಗ ನನಕಿಂತ ಚಂದ ಕಲಸ್ತಾರ. ನಾ ಹೇಳೂದು ಇಷ್ಟ. ಪುಸ್ತಕ ಒಬ್ಬನ ಇಟ್ಕೊಬ್ಯಾಡ. ಲೆಕ್ಕ ಕೇಳಿದವರನ್ನ ವೈರಿ ಅನ್ಕೊಬ್ಯಾಡ. ಮಂದಿ "ನೀವಿಲ್ಲದ ನಡಿಯಂಗಿಲ್ಲ" ಅಂದ್ರ ಹಿಗ್ಗಬ್ಯಾಡ, ಹೆದರಕೋ. ಹಾಸು ಎಷ್ಟ ಗಟ್ಟಿ ಇದ್ರೂ ಹೊಕ್ಕು ಇಲ್ಲದ ಅರಬಿ ಆಗಂಗಿಲ್ಲ, ನೇಕಾರ ಮನಿ ಹುಡುಗಗ ಇದನ್ನ ಬಿಡಿಸಿ ಹೇಳಬೇಕಿಲ್ಲ. ಲಗ್ನ ಆದಮ್ಯಾಲ ವಾರಕ್ಕ ಒಂದು ಸಂಜಿ ಹೆಂಡತಿ ಮುಂದ ಕುಂತು, "ಏನರ ಹೇಳೂದೈತೇನು?" ಅಂತ ಕೇಳು. ಆಕಿ ಮದಲನೇ ಸಲ "ಏನಿಲ್ಲ" ಅಂತಾಳ. ಎದ್ದು ಹೋಗಬ್ಯಾಡ. ಇನ್ನೊಂದಿಷ್ಟು ಹೊತ್ತು ಕುಂದ್ರು.

ಮತ್ತ ತರಬೇತಿಗೆ ಹೋಗೂಕಿಂತ ಮದಲ ಒಂದು ಸಲ ಮನಿಗೆ ಬಂದು ಹೋಗು. ನಿಮ್ಮ ಮಾವ ಈಗ ದಿನಾ ಎಂಟಕ್ಕ ಉಣ್ಣಾಕ ಕುಂದ್ರತಾರ. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಇಟ್ಟಿರ್ತೀನಿ. ಎಷ್ಟು ಕೊಟ್ಟೀನಿ ಅಂತ ಬರದೂ ಇಟ್ಟಿರ್ತೀನಿ.